ಗ್ಯಾಸ್ ಅರಿವಳಿಕೆಯೋ, ಡ್ರಿಪ್ ಅರಿವಳಿಕೆಯೋ? ಯಾರಿಗೆ ಯಾವುದು ಹೊಂದುತ್ತದೆ

ಆಪರೇಷನ್ ಅಂತ ಗೊತ್ತಾದ ಕೂಡಲೇ ಜನ ಸರ್ಜನ್ ಹತ್ತಿರ ನೂರು ಪ್ರಶ್ನೆ ಕೇಳುತ್ತಾರೆ. ಅರಿವಳಿಕೆ ತಜ್ಞರ ಹತ್ತಿರ ಕೇಳುವುದು ಒಂದೇ ಪ್ರಶ್ನೆ: "ಎಚ್ಚರ ಆಗುತ್ತೆ ಅಲ್ವಾ?"

ಆಗುತ್ತದೆ. ಇವತ್ತು ಬಳಕೆಯಲ್ಲಿರುವ ಮುಖ್ಯ ಔಷಧಗಳಲ್ಲಿ ಯಾವುದನ್ನು ಕೊಟ್ಟರೂ ಪ್ರಜ್ಞೆ ಹೋಗುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಇವುಗಳ ನಡುವಿನ ವ್ಯತ್ಯಾಸ ಕಾಣುವುದು ಬೇರೆ ಕಡೆ. ಔಷಧ ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಎಷ್ಟು ಬೇಗ ಹೊರಗೆ ಹೋಗುತ್ತದೆ, ಹೋಗುವಾಗ ಮೈಗೆ ಏನು ಮಾಡಿಟ್ಟು ಹೋಗುತ್ತದೆ ಅನ್ನುವುದರಲ್ಲಿ. ಆಯ್ಕೆ ಮಾಡುವುದು ತಜ್ಞರೇ ಆದರೂ ಆ ಆಯ್ಕೆಯ ಅರ್ಧ ಭಾಗ ನಿಂತಿರುವುದು ನೀವು ಹೇಳುವ ಮಾತಿನ ಮೇಲೆ. ಯಾವ ಮಾತು ಯಾಕೆ ಮುಖ್ಯ ಅಂತ ಗೊತ್ತಿದ್ದರೆ ಮಾತ್ರ ಅದು ಬಾಯಿಗೆ ಬರುತ್ತದೆ.

ಮೊದಲು, ಏನು ನಡೆಯುತ್ತದೆ

ಜನರಲ್ ಅನಸ್ತೇಶಿಯಾದಲ್ಲಿ ಒಟ್ಟಿಗೆ ನಾಲ್ಕು ಕೆಲಸ ಆಗಬೇಕು. ಪ್ರಜ್ಞೆ ಹೋಗಬೇಕು. ನಡೆದದ್ದು ನೆನಪಿನಲ್ಲಿ ಉಳಿಯಬಾರದು. ಚಾಕು ತಾಕಿದಾಗ ಕೈಕಾಲು ಅಲುಗಬಾರದು. ಒಳಗೆ ಆಗುತ್ತಿರುವ ಗಾಯಕ್ಕೆ ಬಿಪಿ, ನಾಡಿಬಡಿತ ಎಗರಬಾರದು.

ಇಷ್ಟನ್ನೂ ಒಂದೇ ಔಷಧದಿಂದ ಮಾಡಿಸಬಹುದು. ಆದರೆ ಅದಕ್ಕೆ ಬೇಕಾಗುವ ಡೋಸ್‌ಗೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೇ ಕೆಲಸ ಹಂಚುತ್ತಾರೆ. ನೋವಿಗೆ ಫೆಂಟನಿಲ್ ತರಹದ್ದು, ಸ್ನಾಯು ಸಡಿಲ ಮಾಡಲು ಇನ್ನೊಂದು, ಪ್ರಜ್ಞೆ ತಗ್ಗಿಸಲು ಮತ್ತೊಂದು. ಸ್ನಾಯು ಸಡಿಲವಾದಾಗ ಉಸಿರಾಡುವ ಸ್ನಾಯುಗಳೂ ಸುಮ್ಮನಾಗುತ್ತವೆ. ಹಾಗಾಗಿ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ನಿಂದ ಉಸಿರು ಕೊಡುತ್ತಾರೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ದೊಡ್ಡವರಿಗೆ "ಗ್ಯಾಸ್ ಅನಸ್ತೇಶಿಯಾ" ಅಂದಾಗಲೂ ಶುರುವಾಗುವುದು ಬಹುತೇಕ ಡ್ರಿಪ್‌ನಲ್ಲೇ. ಪ್ರೊಪೊಫಾಲ್ ಅನ್ನುವ ಹಾಲಿನ ಬಣ್ಣದ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಪ್ರಜ್ಞೆ ಹೋಗುತ್ತದೆ. ಆ ಒಂದು ಡೋಸ್‌ನ ಪ್ರಭಾವ ಕೆಲವೇ ನಿಮಿಷ. ಅಲ್ಲಿಂದ ಆಪರೇಷನ್ ಮುಗಿಯುವ ತನಕ ಹಿಡಿದಿಡುವುದು ಯಾವುದರಿಂದ ಅನ್ನುವುದೇ ಪ್ರಶ್ನೆ: ಉಸಿರಿನಲ್ಲಿ ಹೋಗುವ ಗ್ಯಾಸ್‌ನಿಂದಲೋ, ಪಂಪ್‌ನಲ್ಲಿ ಹನಿಯುವ ಪ್ರೊಪೊಫಾಲ್‌ನಿಂದಲೋ?

ಗ್ಯಾಸ್ ಮೆದುಳಿಗೆ ಮುಟ್ಟುವ ದಾರಿ

ಸೆವೊಫ್ಲುರೇನ್, ಐಸೊಫ್ಲುರೇನ್, ಡೆಸ್‌ಫ್ಲುರೇನ್ ಇವೆಲ್ಲ ಬಾಟಲಿಯಲ್ಲಿ ದ್ರವ. ವೇಪರೈಸರ್ ಅನ್ನುವ ಉಪಕರಣದಲ್ಲಿ ಆವಿಯಾಗಿ ಆಕ್ಸಿಜನ್ ಜೊತೆ ಬೆರೆಯುತ್ತವೆ. ಅಲ್ಲಿಂದ ಶ್ವಾಸಕೋಶದ ಗಾಳಿಗೂಡುಗಳಿಗೆ, ರಕ್ತಕ್ಕೆ, ರಕ್ತದಿಂದ ಮೆದುಳಿಗೆ.

ರಕ್ತದಲ್ಲಿ ಹೆಚ್ಚು ಕರಗುವ ಗ್ಯಾಸ್ ಬೇಗ ಕೆಲಸ ಮಾಡಬೇಕು ಅಂತ ಅನಿಸುತ್ತದೆ. ಆಗುವುದು ಉಲ್ಟಾ. ಮೆದುಳಿನ ಮೇಲೆ ಕೆಲಸ ಮಾಡುವುದು ಗ್ಯಾಸ್‌ನ ಒತ್ತಡ, ರಕ್ತದಲ್ಲಿ ಕೂತ ಪ್ರಮಾಣವಲ್ಲ. ಒಣಗಿದ ಹೊಲಕ್ಕೆ ನೀರು ಹಾಯಿಸಿದಾಗ ಮಣ್ಣು ಕುಡಿಯುವಷ್ಟು ಕುಡಿದ ಮೇಲೆಯೇ ನೀರು ಮುಂದಿನ ಸಾಲಿಗೆ ಹರಿಯುತ್ತದೆ. ಹೆಚ್ಚು ಕರಗುವ ಗ್ಯಾಸ್‌ಗೆ ರಕ್ತವೇ ಆ ಒಣಮಣ್ಣು. ರಕ್ತ ಹೀರುತ್ತಲೇ ಇರುತ್ತದೆ, ಒತ್ತಡ ಏರುವುದಿಲ್ಲ, ಮೆದುಳು ಕಾಯುತ್ತಾ ಕೂರಬೇಕು. ಹೊರಗೆ ಹೋಗುವಾಗಲೂ ಅದೇ ನಿಧಾನ.

ಇದಕ್ಕೊಂದು ಅಂಕಿ ಇದೆ. ಒಂದೇ ಒತ್ತಡದಲ್ಲಿ, ಗಾಳಿಯಲ್ಲಿ ಇರುವುದಕ್ಕಿಂತ ಎಷ್ಟು ಪಟ್ಟು ರಕ್ತದಲ್ಲಿ ಸೇರುತ್ತದೆ ಅನ್ನುವ ಲೆಕ್ಕ. ಈಥರ್‌ಗೆ ಇದು ಸುಮಾರು 12. ಹಳೆಯ ಗ್ಯಾಸ್ ಹ್ಯಾಲೋಥೇನ್‌ಗೆ 2.4, ಐಸೊಫ್ಲುರೇನ್‌ಗೆ 1.4, ಸೆವೊಫ್ಲುರೇನ್‌ಗೆ 0.65, ನಗೆ ಅನಿಲ ಅನ್ನುವ ನೈಟ್ರಸ್ ಆಕ್ಸೈಡ್‌ಗೆ 0.47, ಡೆಸ್‌ಫ್ಲುರೇನ್‌ಗೆ 0.42. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಲ್ಲರ ಎದುರು ತೋರಿಸಿದ್ದು ಈಥರ್ ಅನ್ನೇ. ಅದು ಕೆಲಸ ಮಾಡಿತು, ಆದರೆ ಹತ್ತಲೂ ತಡ, ಇಳಿಯಲೂ ತಡ. ಜೊತೆಗೆ ವಾಂತಿ, ಬೆಂಕಿಯ ಭಯ. ಆಮೇಲಿನ ಔಷಧಗಳಲ್ಲಿ ಆ 12 ಹೇಗೆ ಒಂದಕ್ಕಿಂತ ಕೆಳಗೆ ಇಳಿಯಿತು ನೋಡಿ. ಈಗ ಗ್ಯಾಸ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಜನ ಹೆಸರು ಕರೆದರೆ ಕಣ್ಣು ಬಿಡುವುದು ಇದೇ ಕಾರಣಕ್ಕೆ.

ಹೃದಯವೂ ಇಲ್ಲಿ ಪಾತ್ರ ವಹಿಸುತ್ತದೆ. ಹೆದರಿಕೆಯಿಂದ ಜೋರಾಗಿ ಬಡಿಯುವ ಹೃದಯ ಶ್ವಾಸಕೋಶದಿಂದ ಹೆಚ್ಚು ಗ್ಯಾಸ್ ಎಳೆದುಕೊಂಡು ಹೋಗುತ್ತದೆ. ಆಗ ಗಾಳಿಗೂಡಿನಲ್ಲಿ ಒತ್ತಡ ಏರುವುದು ತಡ. ದುರ್ಬಲ ಹೃದಯ ಇರುವವರಲ್ಲಿ ಒತ್ತಡ ಬೇಗ ಏರುತ್ತದೆ. ಹೃದ್ರೋಗಿಗಳಿಗೆ ಗ್ಯಾಸ್ ಅನ್ನು ಹದ ನೋಡಿ ಏರಿಸುವುದು ಅದಕ್ಕೇ.

ಇನ್ನೊಂದು ಅಂಕಿ "ಮ್ಯಾಕ್". ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಅಲುಗದೆ ಇರಲು ಗಾಳಿಗೂಡಿನಲ್ಲಿ ಎಷ್ಟು ಪರ್ಸೆಂಟ್ ಗ್ಯಾಸ್ ಬೇಕು ಅನ್ನುವ ಅಳತೆ ಇದು. ಹ್ಯಾಲೋಥೇನ್‌ಗೆ 0.75, ಐಸೊಫ್ಲುರೇನ್‌ಗೆ ಸುಮಾರು 1.2, ಸೆವೊಫ್ಲುರೇನ್‌ಗೆ 2, ಡೆಸ್‌ಫ್ಲುರೇನ್‌ಗೆ 6. ನೈಟ್ರಸ್ ಆಕ್ಸೈಡ್‌ಗೆ 104! ಅಂದರೆ ಅದೊಂದನ್ನೇ ಕೊಟ್ಟು ಆಪರೇಷನ್ ಮಾಡುವುದು ಸಾಧ್ಯವಿಲ್ಲ, ಆಕ್ಸಿಜನ್‌ಗೆ ಜಾಗವೇ ಉಳಿಯುವುದಿಲ್ಲ. ನಲವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮ್ಯಾಕ್ ಸುಮಾರು 6 ಪರ್ಸೆಂಟ್ ಇಳಿಯುತ್ತದೆ. ಎಂಬತ್ತರ ಅಜ್ಜಿಗೆ ಮೊಮ್ಮಗನ ಡೋಸ್ ಬೇಕಿಲ್ಲ.

ಮೆದುಳಿನಲ್ಲಿ ಇದು ಏನು ಮಾಡುತ್ತದೆ? 1900ರ ಆಸುಪಾಸಿನಲ್ಲಿ ಹಾನ್ಸ್ ಮೇಯರ್, ಚಾರ್ಲ್ಸ್ ಓವರ್ಟನ್ ಬೇರೆ ಬೇರೆಯಾಗಿ ಒಂದೇ ಸಂಗತಿ ಕಂಡುಕೊಂಡರು. ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಔಷಧ ಹೆಚ್ಚು ಬಲಶಾಲಿ. ಹಾಗಾಗಿ ನರಕೋಶದ ಕೊಬ್ಬಿನ ಪೊರೆಯಲ್ಲೇ ಎಲ್ಲ ನಡೆಯುತ್ತದೆ ಅಂತ ದಶಕಗಳ ಕಾಲ ನಂಬಿದ್ದರು. 1984ರಲ್ಲಿ ನಿಕ್ ಫ್ರಾಂಕ್ಸ್, ಬಿಲ್ ಲೀಬ್ ಮಿಂಚುಹುಳದ ಬೆಳಕಿನ ಪ್ರೋಟೀನ್ ಮೇಲೆ ಪ್ರಯೋಗ ಮಾಡಿದರು. ಅಲ್ಲಿ ಕೊಬ್ಬೇ ಇರಲಿಲ್ಲ. ಆದರೂ ಅರಿವಳಿಕೆ ಔಷಧಗಳು ಆ ಪ್ರೋಟೀನ್ ಅನ್ನು ತಡೆದವು, ಅದೂ ತಮ್ಮ ತಮ್ಮ ಬಲಕ್ಕೆ ತಕ್ಕ ಹಾಗೆ. ಗಮನ ಪ್ರೋಟೀನ್‌ಗಳ ಕಡೆ ಹೊರಳಿತು. ಈಗ ಗೊತ್ತಿರುವ ಹಾಗೆ ಸೆವೊಫ್ಲುರೇನ್ ಗುಂಪಿನ ಗ್ಯಾಸ್‌ಗಳು ಗಾಬಾ ಅನ್ನುವ "ಸುಮ್ನಿರು" ಸಂದೇಶವನ್ನು ಜೋರು ಮಾಡುತ್ತವೆ. ಪೊಟ್ಯಾಸಿಯಂ ಬಾಗಿಲುಗಳನ್ನು ತೆರೆದು ನರಕೋಶ ಸುಲಭಕ್ಕೆ ಕೆರಳದ ಹಾಗೆ ಮಾಡುತ್ತವೆ. ನೈಟ್ರಸ್ ಆಕ್ಸೈಡ್, ಕ್ಸೆನಾನ್ ಹೆಚ್ಚಾಗಿ ಎನ್‌ಎಂಡಿಎ ಅನ್ನುವ ಬೇರೆ ಬಾಗಿಲನ್ನು ಮುಚ್ಚುತ್ತವೆ. ಪ್ರೊಪೊಫಾಲ್ ಕೂಡ ಗಾಬಾ ದಾರಿಯದ್ದೇ. ಮೈ ಅಲುಗದಂತೆ ತಡೆಯುವ ಕೆಲಸ ಬಹುಪಾಲು ಬೆನ್ನುಹುರಿಯಲ್ಲಿ ನಡೆಯುತ್ತದೆ, ಪ್ರಜ್ಞೆ ಹೋಗುವುದು ಮೆದುಳಿನಲ್ಲಿ. ಪ್ರಜ್ಞೆ ತಪ್ಪಲು ಮ್ಯಾಕ್‌ನ ಮೂರನೇ ಒಂದು ಭಾಗದ ಆಸುಪಾಸು ಸಾಕು. ಈ ಅಂತರವೇ ರೋಗಿಗೆ ರಕ್ಷಣೆ: ಕೈ ಸ್ವಲ್ಪ ಅಲುಗಿತು ಅಂದರೆ ಎಚ್ಚರ ಆಗಿದೆ ಅಂತ ಅರ್ಥವಲ್ಲ.

ಗ್ಯಾಸ್‌ಗಳ ನಡುವೆ ಆಯ್ಕೆ

ಮಕ್ಕಳ ವಿಷಯದಲ್ಲಿ ಯೋಚನೆ ಬೇಕಿಲ್ಲ, ಸೆವೊಫ್ಲುರೇನ್. ವಾಸನೆ ಕಟುವಲ್ಲ, ಗಂಟಲು ಕೆರಳಿಸುವುದಿಲ್ಲ. ಸೂಜಿ ಕಂಡರೆ ಕಿರುಚುವ ಮಗುವಿಗೆ ಮಾಸ್ಕ್‌ನಲ್ಲೇ ಮಲಗಿಸಬಹುದು, ಡ್ರಿಪ್ ಆಮೇಲೆ ಹಾಕುತ್ತಾರೆ. ಜೊತೆಗೆ ಹೋಗುವ ಅಪ್ಪ ಅಮ್ಮನಿಗೆ ಮುಂಚೆಯೇ ಹೇಳಬೇಕಾದ ಒಂದು ಮಾತಿದೆ. ಮಗು ನಾಲ್ಕಾರು ಉಸಿರು ತೆಗೆದುಕೊಂಡ ಮೇಲೆ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತದೆ. ಕೈಕಾಲು ಒದರುತ್ತದೆ, ಉಸಿರು ಗೊರಗೊರ ಅನ್ನುತ್ತದೆ. ನೋಡಿದವರ ಎದೆ ಧಸಕ್ ಅನ್ನುತ್ತದೆ. ಅದು ಎಚ್ಚರದಿಂದ ಅರಿವಳಿಕೆಗೆ ದಾಟುವ ನಡುವಿನ ಹಂತ. ಸ್ವಲ್ಪ ಹೊತ್ತಿನಲ್ಲೇ ಕಳೆಯುತ್ತದೆ, ಮಗುವಿಗೆ ಅದರ ನೆನಪು ಇರುವುದಿಲ್ಲ. ಎಚ್ಚರವಾಗುವಾಗ ಕೆಲವು ಮಕ್ಕಳು, ಅದರಲ್ಲೂ ಶಾಲೆಗೆ ಹೋಗುವ ಮುಂಚಿನ ವಯಸ್ಸಿನವರು, ಯಾರು ಎತ್ತಿಕೊಂಡರೂ ನಿಲ್ಲದೆ ಅತ್ತು ರಂಪ ಮಾಡುತ್ತಾರೆ. ಸೆವೊಫ್ಲುರೇನ್‌ನಲ್ಲಿ ಇದು ಪ್ರೊಪೊಫಾಲ್‌ಗಿಂತ ಜಾಸ್ತಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಹಿಂದೆ ಒಮ್ಮೆ ಹೀಗೆ ಆಗಿದ್ದರೆ ಹೇಳಿ, ಕೊನೆಯಲ್ಲಿ ಬೇರೆ ಔಷಧ ಸೇರಿಸಿ ತಗ್ಗಿಸಬಹುದು.

"ಮಗುವಿನ ಬುದ್ಧಿ ಮಂಕಾಗುತ್ತಾ?" ಅನ್ನುವ ಭಯ ಬಹಳ ಮನೆಗಳಲ್ಲಿದೆ. 2019ರಲ್ಲಿ ಪ್ರಕಟವಾದ ಗ್ಯಾಸ್ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನ ಹಸುಗೂಸುಗಳಲ್ಲಿ ಒಂದು ಗಂಟೆಗಿಂತ ಕಡಿಮೆಯ ಸೆವೊಫ್ಲುರೇನ್ ಅನ್ನು, ಎಚ್ಚರದಲ್ಲೇ ಬೆನ್ನಿಗೆ ಕೊಡುವ ಅರಿವಳಿಕೆಯ ಜೊತೆ ಹೋಲಿಸಿತು. ಐದನೇ ವಯಸ್ಸಿನಲ್ಲಿ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ದೀರ್ಘ ಅಥವಾ ಪದೇ ಪದೇ ಅರಿವಳಿಕೆ ಕೊಡುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಆದರೆ ಬೇಕೇಬೇಕಾದ ಆಪರೇಷನ್ ಮುಂದೂಡಿ ಅಂತ ಅದರ ಅರ್ಥವಲ್ಲ.

ಡೆಸ್‌ಫ್ಲುರೇನ್ ಎಲ್ಲಕ್ಕಿಂತ ಬೇಗ ಇಳಿಯುತ್ತದೆ. ಕೊಬ್ಬಿನಲ್ಲೂ ಕಡಿಮೆ ಕರಗುವುದರಿಂದ ದಪ್ಪ ಮೈಯವರ ಉದ್ದದ ಆಪರೇಷನ್‌ಗಳಲ್ಲಿ ಇದನ್ನು ಇಷ್ಟಪಡುತ್ತಿದ್ದರು. ಆದರೆ ಕಟುವಾದ ಗ್ಯಾಸ್. ಎಚ್ಚರದಲ್ಲಿ ಉಸಿರಾಡಿಸಿದರೆ ಕೆಮ್ಮು, ಗಂಟಲು ಬಿಗಿತ. 23 ಡಿಗ್ರಿಯಲ್ಲೇ ಕುದಿಯುವುದರಿಂದ ಅದಕ್ಕೆ ಬಿಸಿ ಮಾಡುವ ವಿಶೇಷ ವೇಪರೈಸರ್ ಬೇಕು. ಇದಕ್ಕಿಂತ ದೊಡ್ಡ ಸಮಸ್ಯೆ ಹೊರಗಿದೆ. ನೀವು ಉಸಿರಿನಲ್ಲಿ ಬಿಟ್ಟ ಗ್ಯಾಸ್ ಆಕಾಶಕ್ಕೇ ಹೋಗುತ್ತದೆ, ಮೈಯಲ್ಲಿ ಅದು ಕರಗಿ ಬದಲಾಗುವುದಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಡೆಸ್‌ಫ್ಲುರೇನ್ ಸುಮಾರು 2,500 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿಯುತ್ತದೆ. ಸೆವೊಫ್ಲುರೇನ್‌ಗೆ ಅದು 200ಕ್ಕಿಂತ ಕಡಿಮೆ. ಸ್ಕಾಟ್ಲೆಂಡ್ 2023ರಲ್ಲಿ ಡೆಸ್‌ಫ್ಲುರೇನ್ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 2026ರ ಜನವರಿಯಿಂದ, ಬೇರೆ ಯಾವುದನ್ನೂ ಕೊಡಲಾಗದ ಸಂದರ್ಭ ಬಿಟ್ಟು, ಇದನ್ನು ನಿಷೇಧಿಸಿದೆ. ಇದು ಸರಿಯಾದ ನಿರ್ಧಾರ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೆಲವು ನಿಮಿಷ ಮುಂಚೆ ಕಣ್ಣು ಬಿಡುವುದಕ್ಕೆ ಇಷ್ಟು ಬೆಲೆ ಕೊಡಬೇಕಿಲ್ಲ.

ಐಸೊಫ್ಲುರೇನ್ ಹಳೆಯದು, ಅಗ್ಗ, ನಂಬಿಕಸ್ಥ. ಇಳಿಯುವುದು ಸ್ವಲ್ಪ ನಿಧಾನ. ಆಪರೇಷನ್ ಆದ ಮೇಲೆ ಹೇಗೂ ಐಸಿಯುನಲ್ಲಿ ಮಲಗಿರುವವರಿಗೆ ಆ ನಿಧಾನ ಲೆಕ್ಕಕ್ಕೇ ಬರುವುದಿಲ್ಲ. ಹ್ಯಾಲೋಥೇನ್ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು, 1956ರಲ್ಲಿ ಬಂದದ್ದು. ಅದರ ಸುಮಾರು ಐದನೇ ಒಂದು ಭಾಗ ಲಿವರ್‌ನಲ್ಲಿ ಒಡೆಯುತ್ತದೆ. ಅಪರೂಪಕ್ಕೆ ಲಿವರ್ ಉರಿಯೂತ ಪ್ರಾಣಕ್ಕೇ ಬರುತ್ತದೆ, ಮತ್ತೆ ಮತ್ತೆ ಕೊಟ್ಟರೆ ಅಪಾಯ ಹೆಚ್ಚು. ಆಯ್ಕೆ ಇರುವ ಕಡೆ ಈಗ ಯಾರೂ ಅದನ್ನು ಆರಿಸುವುದಿಲ್ಲ. ಕ್ಸೆನಾನ್ ಗುಣದಲ್ಲಿ ಚಿನ್ನ, ಬೆಲೆಯಲ್ಲೂ ಹಾಗೇ. ಅದನ್ನು ಇಲ್ಲಿಗೆ ಬಿಡೋಣ.

ನೈಟ್ರಸ್ ಆಕ್ಸೈಡ್ ಬಗ್ಗೆ ಮಾತ್ರ ನಿಂತು ಹೇಳಬೇಕು. ನೋವು ತಗ್ಗಿಸುವುದರಲ್ಲಿ ಒಳ್ಳೆಯದು. ಹಲ್ಲಿನ ಚಿಕಿತ್ಸೆಯಲ್ಲಿ, ಹೆರಿಗೆ ನೋವಿನಲ್ಲಿ ಆಕ್ಸಿಜನ್ ಜೊತೆ ಬೆರೆಸಿ ಕೊಟ್ಟಾಗ ಎಚ್ಚರ ತಪ್ಪದೆ ಉಪಕಾರವಾಗುತ್ತದೆ. ದೊಡ್ಡ ಆಪರೇಷನ್‌ನಲ್ಲಿ ಬೇರೆ ಗ್ಯಾಸ್‌ಗೆ ಜೊತೆಗಾರ. ಆದರೆ ವಾಂತಿ ಜಾಸ್ತಿ ಮಾಡುತ್ತದೆ, ವಿಟಮಿನ್ ಬಿ12 ಅನ್ನು ನಿಷ್ಕ್ರಿಯ ಮಾಡುತ್ತದೆ. ಮೈಯಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದ್ದರೆ ಅಲ್ಲಿಗೆ ನುಗ್ಗಿ ಅದನ್ನು ಹಿಗ್ಗಿಸುತ್ತದೆ: ಎದೆಗೂಡಿನಲ್ಲಿ, ಕಟ್ಟಿಕೊಂಡ ಕರುಳಿನಲ್ಲಿ, ಮಧ್ಯಕಿವಿಯಲ್ಲಿ. ಕಣ್ಣಿನ ವಿಷಯ ಇನ್ನೂ ಗಂಭೀರ. ರೆಟಿನಾ ಆಪರೇಷನ್ ಆದವರ ಕಣ್ಣೊಳಗೆ ಕೆಲವೊಮ್ಮೆ ಗ್ಯಾಸ್ ಗುಳ್ಳೆ ಬಿಟ್ಟಿರುತ್ತಾರೆ, ಅದು ವಾರಗಟ್ಟಲೆ ಇರುತ್ತದೆ. ಅಷ್ಟರಲ್ಲಿ ಬೇರೆ ಯಾವುದಾದರೂ ಆಪರೇಷನ್ ಬಂದು ನೈಟ್ರಸ್ ಕೊಟ್ಟರೆ ಗುಳ್ಳೆ ಉಬ್ಬಿ, ರಕ್ತ ಸಂಚಾರ ನಿಂತು, ದೃಷ್ಟಿಯೇ ಹೋಗಬಹುದು. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೆ ಅದನ್ನು ಮೊದಲ ಮಾತಾಗಿ ಹೇಳಿ.

ಡ್ರಿಪ್ ದಾರಿ

ಪ್ರೊಪೊಫಾಲ್ ಅನ್ನು ಪಂಪ್‌ನಲ್ಲಿ ನಿರಂತರ ಕೊಟ್ಟು, ಜೊತೆಗೆ ನೋವಿನ ಔಷಧ ಕೊಟ್ಟು, ಗ್ಯಾಸ್ ಇಲ್ಲದೆಯೇ ಪೂರ್ತಿ ಆಪರೇಷನ್ ಮಾಡಬಹುದು. ಇದರ ದೊಡ್ಡ ಗುಣ ವಾಕರಿಕೆ ಕಡಿಮೆ ಇರುವುದು. ವಾಂತಿಯ ಅಂದಾಜಿಗೆ ಆಪ್ಫೆಲ್ ಲೆಕ್ಕ ಅಂತ ಒಂದಿದೆ. ಹೆಂಗಸಾಗಿರುವುದು, ಸಿಗರೇಟ್ ಸೇದದೆ ಇರುವುದು, ಹಿಂದೆ ಆಪರೇಷನ್ ನಂತರ ವಾಂತಿ ಆಗಿದ್ದು ಅಥವಾ ಬಸ್ ಪ್ರಯಾಣದಲ್ಲಿ ವಾಂತಿ ಬರುವುದು, ಆಪರೇಷನ್ ನಂತರ ಫೆಂಟನಿಲ್ ತರಹದ ಓಪಿಯಾಯ್ಡ್ ನೋವುನಿವಾರಕ ಬೇಕಾಗುವುದು. ನಾಲ್ಕರಲ್ಲಿ ಒಂದೂ ಇಲ್ಲದವರಿಗೆ ಸುಮಾರು 10 ಪರ್ಸೆಂಟ್ ಸಾಧ್ಯತೆ, ನಾಲ್ಕೂ ಇದ್ದರೆ ಸುಮಾರು 80. ಮೂರು ನಾಲ್ಕು ಇರುವವರು ಧೈರ್ಯವಾಗಿ ಕೇಳಿ: "ನನಗೆ ಗ್ಯಾಸ್ ಇಲ್ಲದೆ ಕೊಡಲು ಆಗುತ್ತದೆಯಾ?" ವಾಂತಿ ಸಣ್ಣ ವಿಷಯ ಅಂತ ಆಸ್ಪತ್ರೆಗಳಲ್ಲಿ ತಳ್ಳಿಹಾಕುವುದುಂಟು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ರಾತ್ರಿಯೆಲ್ಲ ವಾಂತಿ ಮಾಡಿದವರಿಗೆ ಅದು ಸಣ್ಣದಲ್ಲ.

ಡ್ರಿಪ್ ದಾರಿ ಆಯ್ಕೆಯಾಗಿ ಉಳಿಯದೆ ಕಡ್ಡಾಯವೇ ಆಗುವುದು ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಇರುವ ಮನೆತನದಲ್ಲಿ. ಇದು ವಂಶವಾಹಿಯ ದೋಷ, ಅಪರೂಪ. ಸೆವೊಫ್ಲುರೇನ್ ತರಹ ದ್ರವದಿಂದ ಆವಿಯಾಗುವ ಎಲ್ಲ ಗ್ಯಾಸ್‌ಗಳೂ, ಸಕ್ಸಿನೈಲ್‌ಕೋಲಿನ್ ಅನ್ನುವ ಸ್ನಾಯು ಸಡಿಲಕವೂ ಇದನ್ನು ಕೆರಳಿಸುತ್ತವೆ. ಸ್ನಾಯುಗಳು ಬಿಗಿದುಕೊಂಡು ಹುಚ್ಚು ವೇಗದಲ್ಲಿ ದುಡಿಯತೊಡಗುತ್ತವೆ. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಮೈ ಸುಡುತ್ತದೆ. ಡಾಂಟ್ರೋಲಿನ್ ಔಷಧ ಬರುವ ಮುಂಚೆ ಹೆಚ್ಚಿನವರು ಉಳಿಯುತ್ತಿರಲಿಲ್ಲ. ನೈಟ್ರಸ್, ಪ್ರೊಪೊಫಾಲ್ ಎರಡೂ ಇವರಿಗೆ ಸುರಕ್ಷಿತ. ನಿಮಗೆ ಹಿಂದೆ ಏನೂ ಆಗಿಲ್ಲ ಅನ್ನುವುದು ಸಾಕಾಗುವುದಿಲ್ಲ. ಚಿಕ್ಕಪ್ಪನೋ ಸೋದರತ್ತೆಯೋ ಸಣ್ಣ ಆಪರೇಷನ್‌ನಲ್ಲಿ ಕಾರಣ ತಿಳಿಯದೆ ತೀರಿಕೊಂಡಿದ್ದರು ಅನ್ನುವ ಹಳೆಯ ಸುದ್ದಿ ಮನೆಯಲ್ಲಿದ್ದರೆ ಅದನ್ನೂ ಹೇಳಬೇಕು.

ಗಂಟಲು, ಶ್ವಾಸನಾಳದ ಆಪರೇಷನ್‌ಗಳಲ್ಲಿ ಗ್ಯಾಸ್ ಸೋರುತ್ತದೆ, ಅಲ್ಲಿ ಡ್ರಿಪ್ ವಾಸಿ. ಬೆನ್ನುಹುರಿ ಆಪರೇಷನ್‌ನಲ್ಲಿ ನರದ ಸಂಕೇತಗಳನ್ನು ಅಳೆಯುತ್ತಿದ್ದರೆ ಗ್ಯಾಸ್ ಆ ಸಂಕೇತಗಳನ್ನು ಮಸುಕು ಮಾಡುತ್ತದೆ, ಅಲ್ಲಿಯೂ ಡ್ರಿಪ್.

ಹಾಗಾದರೆ ಎಲ್ಲರಿಗೂ ಡ್ರಿಪ್ಪೇ ಕೊಡಬಹುದಲ್ಲ? ಗ್ಯಾಸ್‌ಗೆ ಒಂದು ದೊಡ್ಡ ಬಲವಿದೆ. ಪ್ರತಿ ಉಸಿರಿನಲ್ಲೂ ಹೊರಬರುವ ಗ್ಯಾಸ್ ಎಷ್ಟು ಅಂತ ಮಾನಿಟರ್ ತೋರಿಸುತ್ತಲೇ ಇರುತ್ತದೆ, ಕಡಿಮೆಯಾದರೆ ಅಲಾರಂ ಹೊಡೆಯುತ್ತದೆ. ಪ್ರೊಪೊಫಾಲ್ ರಕ್ತದಲ್ಲಿ ಎಷ್ಟಿದೆ ಅಂತ ಹಾಗೆ ಪ್ರತಿಕ್ಷಣ ತೋರಿಸುವ ಸಾಧನ ಸಾಮಾನ್ಯ ಥಿಯೇಟರ್‌ಗಳಲ್ಲಿ ಇಲ್ಲ. ಪಂಪ್ ಲೆಕ್ಕ ಹಾಕಿ ಅಂದಾಜು ಹೇಳುತ್ತದೆ ಅಷ್ಟೇ. ಬಟ್ಟೆಯಡಿ ಸೂಜಿ ಸರಿದು ಔಷಧ ಚರ್ಮದಡಿ ಸೇರುತ್ತಿದ್ದರೂ ಪಂಪ್‌ಗೆ ಎಲ್ಲ ಸರಿ ಇದೆ ಅಂತಲೇ ಅನಿಸಬಹುದು. ಅದಕ್ಕೇ ಒಳ್ಳೆಯ ಥಿಯೇಟರ್‌ಗಳಲ್ಲಿ ಸೂಜಿ ಹಾಕಿದ ಕೈ ಕಣ್ಣಿಗೆ ಕಾಣುವ ಹಾಗೆ ಇಡುತ್ತಾರೆ, ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆಗಳನ್ನು ನೋಡುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ, ಆಪರೇಷನ್ ನಡುವೆ ಎಚ್ಚರವಾಗಿತ್ತು ಅಂತ ರೋಗಿಗಳು ತಾವಾಗಿ ಹೇಳಿಕೊಂಡದ್ದು ಸುಮಾರು 19,000ಕ್ಕೆ ಒಬ್ಬರು. ಸ್ನಾಯು ಸಡಿಲಕ ಕೊಟ್ಟವರಲ್ಲಿ 8,000ಕ್ಕೆ ಒಬ್ಬರು, ಕೊಡದವರಲ್ಲಿ 1,36,000ಕ್ಕೆ ಒಬ್ಬರು. ಅಂದರೆ ಗ್ಯಾಸೋ ಡ್ರಿಪ್ಪೋ ಅನ್ನುವ ಜೊತೆಗೆ ಸ್ನಾಯು ಸಡಿಲಕ ಬೇಕಾ ಅನ್ನುವುದೂ ಕೇಳಬೇಕಾದ ಪ್ರಶ್ನೆಯೇ.

ಗ್ಯಾಸ್ ಕೊಟ್ಟರೆ ಕ್ಯಾನ್ಸರ್ ಮರಳುತ್ತದೆ ಅನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ, ಸೆವೊಫ್ಲುರೇನ್ ಒಂದು ಕಡೆ, ಜಾಗ ಮರಗಟ್ಟಿಸುವುದರ ಜೊತೆ ಪ್ರೊಪೊಫಾಲ್ ಇನ್ನೊಂದು ಕಡೆ ಇಟ್ಟು ನೋಡಿತು. ಕ್ಯಾನ್ಸರ್ ಮರಳುವುದರಲ್ಲಿ ವ್ಯತ್ಯಾಸ ಸಿಗಲಿಲ್ಲ. ಈ ಭಯದಿಂದ ಆಯ್ಕೆ ಮಾಡಬೇಡಿ.

ಬೆನ್ನಿಗೆ ಕೊಟ್ಟರೆ ಸಾಕಲ್ಲವೇ?

ಸೊಂಟದ ಕೆಳಗಿನ ಆಪರೇಷನ್‌ಗೆ ಬಹಳ ಸಲ ಸಾಕು. ಸಿಸೇರಿಯನ್‌ಗೆ ಸಾಮಾನ್ಯವಾಗಿ ಅದೇ ಮೊದಲ ಆಯ್ಕೆ. ವಯಸ್ಸಾದವರ ಸೊಂಟದ ಮೂಳೆ ಮುರಿದಾಗ ಮಾತ್ರ ಮನೆಯವರು "ಜನರಲ್ ಕೊಟ್ಟರೆ ಮರೆವು ಬರುತ್ತೆ, ಬೆನ್ನಿಗೇ ಕೊಡಿ" ಅಂತ ಪಟ್ಟು ಹಿಡಿಯುತ್ತಾರೆ. 2021ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಇದನ್ನೇ ಪರೀಕ್ಷಿಸಿದವು. ಆಪರೇಷನ್ ನಂತರದ ಗಲಿಬಿಲಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಬೆನ್ನಿಗೆ ಸೂಜಿ ಹಾಕುವುದೇ ಅಪಾಯ. ಅಂಥವರಲ್ಲಿ ಜನರಲ್ ಕೊಡುತ್ತೇವೆ ಅಂದರೆ ಹೆದರಬೇಡಿ.

ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆ ಹೋದಾಗ

ಮೇಲೆ ಹೇಳಿದ್ದರ ಜೊತೆಗೆ ಇಷ್ಟು ಹೇಳಿ: ಅಲ್ಲಾಡುವ ಹಲ್ಲು, ಗೊರಕೆ, ಆಸ್ತಮಾ, ಲಿವರ್ ತೊಂದರೆ, ಮದ್ಯಪಾನ ಎಷ್ಟು ಅನ್ನುವ ನಿಜವಾದ ಲೆಕ್ಕ, ಗಿಡಮೂಲಿಕೆ ಸೇರಿಸಿ ಎಲ್ಲ ಔಷಧ. ಹೊಟ್ಟೆ ಖಾಲಿ ಇರಬೇಕಾದ ನಿಯಮ ಎಲ್ಲ ದಾರಿಗೂ ಒಂದೇ. ಗಟ್ಟಿ ಆಹಾರಕ್ಕೂ ಹಾಲಿಗೂ 6 ಗಂಟೆ, ಎದೆಹಾಲಿಗೆ 4, ನೀರಿಗೆ 2. ಊಟ ಎಣ್ಣೆ ಕೊಬ್ಬಿನದ್ದಾಗಿದ್ದರೆ ಇನ್ನೂ ಹೆಚ್ಚು ಹೊತ್ತು. ಅರಿವಳಿಕೆಯಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ, ಹೊಟ್ಟೆಯದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದರೆ ರಾತ್ರಿಯಿಂದ ನೀರೂ ಮುಟ್ಟದೆ ಒಣಗುವುದೂ ಬೇಡ.

ಡಿಸ್ಚಾರ್ಜ್ ಆಗುವಾಗ ಅರಿವಳಿಕೆಯ ದಾಖಲೆಯ ನಕಲು ಕೇಳಿ ತೆಗೆದುಕೊಳ್ಳಿ. ಯಾವ ಗ್ಯಾಸ್ ಅಥವಾ ಯಾವ ಡ್ರಿಪ್, ಟ್ಯೂಬ್ ಹಾಕಲು ಕಷ್ಟವಾಯಿತಾ, ವಾಂತಿ ಆಯಿತಾ, ಯಾವ ಔಷಧಕ್ಕೆ ಅಲರ್ಜಿ ಬಂತು ಅನ್ನುವುದು ಅದರಲ್ಲಿರುತ್ತದೆ. ಮುಂದೊಂದು ದಿನ ಬೇರೆ ಊರಲ್ಲಿ, ಮಾತಾಡಲಾಗದ ಸ್ಥಿತಿಯಲ್ಲಿ ನಿಮ್ಮನ್ನು ಥಿಯೇಟರ್‌ಗೆ ಕರೆದೊಯ್ದರೆ ಅಲ್ಲಿನ ತಜ್ಞರು ಮೊದಲು ಹುಡುಕುವುದು ಇದನ್ನೇ. ಅದರ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರಿಗೂ ಕಳಿಸಿ.